ಸರ್ಕಾರ ಉಳಿದರೆ ಸಾಕಾ? ಖಾತೆ ಕಲಿತ ಮಂತ್ರಿ ಉಳಿಯುವುದು ಬೇಡವಾ?

ಕೊಪ್ಪಳ ನಿವೃತ್ತ ನೌಕರ:

ಎಲ್ಲರಿಗೂ ನಮಸ್ಕಾರ. ಸಂಪುಟ ಪುನಾರಚನೆಯ ಸುದ್ದಿ ಬಂದಾಗೆಲ್ಲ ನಮ್ಮ ಕಡೆ ಒಂದೇ ಲೆಕ್ಕ ಶುರುವಾಗುತ್ತದೆ. ಕಲ್ಯಾಣ ಕರ್ನಾಟಕಕ್ಕೆ ಎಷ್ಟು ಸ್ಥಾನ? ಕೊಪ್ಪಳಕ್ಕೆ ಒಂದು ಉಳಿಯುತ್ತದಾ? ರಾಯಚೂರಿಗೆ ಸಿಗುತ್ತದಾ? ಬಳ್ಳಾರಿ ಕಥೆ ಏನು? ಈ ಲೆಕ್ಕ ಬೇಕು. ನಾವು ಕೇಳದಿದ್ದರೆ ಯಾರೂ ಕೊಡುವುದಿಲ್ಲ. ಆದರೆ ಇದರ ಜೊತೆಗೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯನ್ನು ನಾವು ಕೇಳುತ್ತಿಲ್ಲ. ಬಂದ ಮಂತ್ರಿ ಆ ಖಾತೆಯಲ್ಲಿ ಎಷ್ಟು ವರ್ಷ ಇರುತ್ತಾರೆ? ಖಾತೆ ಅರ್ಥವಾಗುವ ಹೊತ್ತಿಗೆ ಅವರನ್ನು ಎಬ್ಬಿಸಿದರೆ ನಮಗೆ ಸಿಗುವುದೇನು?

ಒಂದು ಉದಾಹರಣೆ ಕೊಡುತ್ತೇನೆ. 2013ರಿಂದ 2018ರವರೆಗಿನ ಸರ್ಕಾರವನ್ನು ಎಲ್ಲರೂ ಸ್ಥಿರ ಸರ್ಕಾರ ಅನ್ನುತ್ತಾರೆ. ಸರಿಯೇ. ದೇವರಾಜ ಅರಸು ಅವರ ನಂತರ ಐದು ವರ್ಷ ಪೂರ್ತಿ ಮುಗಿಸಿದ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ. ಆದರೆ ಅದೇ ಸರ್ಕಾರದಲ್ಲಿ 2016ರ ಜೂನ್‌ನಲ್ಲಿ ಒಂದೇ ಏಟಿಗೆ 14 ಮಂತ್ರಿಗಳನ್ನು ಕೈಬಿಟ್ಟು 13 ಹೊಸಬರನ್ನು ತೆಗೆದುಕೊಂಡರು. ನಮ್ಮ ಜಿಲ್ಲೆಯಿಂದ ಸಣ್ಣ ನೀರಾವರಿ ನೋಡಿಕೊಳ್ಳುತ್ತಿದ್ದ ಶಿವರಾಜ ತಂಗಡಗಿ ಹೊರಗೆ ಹೋದರು. ಯಲಬುರ್ಗಾದ ಬಸವರಾಜ ರಾಯರೆಡ್ಡಿ ಉನ್ನತ ಶಿಕ್ಷಣ ಸಚಿವರಾಗಿ ಒಳಗೆ ಬಂದರು. ಜಿಲ್ಲೆಯ ಲೆಕ್ಕದಲ್ಲಿ ಒಂದು ಹೋಗಿ ಒಂದು ಬಂತು. ಯಾರಿಗೂ ಬೇಜಾರಾಗಲಿಲ್ಲ. ಆದರೆ ಕೆರೆ, ಬ್ಯಾರೇಜು, ಏತ ನೀರಾವರಿ ಅಂತ ಮೂರು ವರ್ಷ ತಿಳಿದುಕೊಂಡದ್ದು ಎಲ್ಲಿ ಹೋಯಿತು? 2023ರಲ್ಲಿ ತಂಗಡಗಿಯವರು ಮತ್ತೆ ಮಂತ್ರಿಯಾದಾಗ ಸಿಕ್ಕಿದ್ದು ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಕನ್ನಡ ಸಂಸ್ಕೃತಿ. ಇದು ಅವರಿಬ್ಬರ ಮೇಲಿನ ದೂರಲ್ಲ. ಖಾತೆ ಹಂಚುವ ನಮ್ಮ ಪದ್ಧತಿಯೇ ಹೀಗಿದೆ.

ಇದರ ಉಲ್ಟಾ ಉದಾಹರಣೆಯೂ ನಮ್ಮಲ್ಲೇ ಇದೆ. ಹಣಕಾಸು ಖಾತೆ ನೋಡಿ. ಸಿದ್ದರಾಮಯ್ಯನವರು ದೇವೇಗೌಡರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದರು, ಜೆ.ಎಚ್. ಪಟೇಲರ ಕಾಲದಲ್ಲೂ ಇದ್ದರು, ಧರ್ಮಸಿಂಗ್ ಅವರ ಸಮ್ಮಿಶ್ರ ಸರ್ಕಾರದಲ್ಲೂ ಇದ್ದರು. ಆಮೇಲೆ ಮುಖ್ಯಮಂತ್ರಿಯಾಗಿಯೂ ಆ ಖಾತೆಯನ್ನು ತಮ್ಮ ಬಳಿಯೇ ಇಟ್ಟುಕೊಂಡರು. 2025ರ ಮಾರ್ಚ್‌ನಲ್ಲಿ ಮಂಡಿಸಿದ್ದು ಅವರ 16ನೇ ಬಜೆಟ್. ಮುಖ್ಯಮಂತ್ರಿಗಳು ಬದಲಾದರು, ಪಕ್ಷ ಬದಲಾಯಿತು, ಸರ್ಕಾರಗಳು ಬಿದ್ದವು. ಆದರೂ ಆ ಖಾತೆಯ ಅನುಭವ ಒಬ್ಬರ ಕೈಯಲ್ಲಿ ಬೆಳೆಯುತ್ತಾ ಹೋಯಿತು. ಅವರ ರಾಜಕೀಯ ಇಷ್ಟವೋ ಇಲ್ಲವೋ, ಅದು ಬೇರೆ ಮಾತು. ಅಂಕಿ ಸಂಖ್ಯೆಯಲ್ಲಿ ಅವರನ್ನು ಯಾಮಾರಿಸುವುದು ಕಷ್ಟ ಅಂತ ವಿರೋಧ ಪಕ್ಷದವರೂ ಒಪ್ಪುತ್ತಾರೆ.

ಹಾಗಾಗಿ ನನ್ನ ಮಾತು ಇಷ್ಟು. ಸರ್ಕಾರ ಉಳಿಯುವುದು ಬೇರೆ, ಖಾತೆಯ ತಿಳಿವಳಿಕೆ ಉಳಿಯುವುದು ಬೇರೆ. ಒಂದು ಇದ್ದರೆ ಇನ್ನೊಂದು ತಾನಾಗಿ ಬರುವುದಿಲ್ಲ. ನಮ್ಮಂಥ ಹಿಂದುಳಿದ ಜಿಲ್ಲೆಗಳಿಗೆ ಎರಡನೆಯದು ಜಾಸ್ತಿ ಮುಖ್ಯ ಅಂತ ನನ್ನ ನಂಬಿಕೆ. ನೀವೆಲ್ಲ ಏನಂತೀರಿ?

ಸಿಂಧನೂರು ರೈತ:

ಸರ್, ನೂರಕ್ಕೆ ನೂರು ಒಪ್ಪುತ್ತೇನೆ. ನೀರಿನ ವಿಷಯದಲ್ಲಂತೂ ನಾವು ಇದನ್ನು ಪ್ರತಿ ವರ್ಷ ಅನುಭವಿಸುತ್ತೇವೆ.

ತುಂಗಭದ್ರಾ ಎಡದಂಡೆ ನಾಲೆಗೆ ಯಾವಾಗ ನೀರು ಬಿಡಬೇಕು, ಎಷ್ಟು ದಿನ, ಎರಡನೇ ಬೆಳೆಗೆ ಕೊಡಬೇಕಾ ಬೇಡವಾ ಎಂಬುದು ನೀರಾವರಿ ಸಲಹಾ ಸಮಿತಿಯಲ್ಲಿ ತೀರ್ಮಾನವಾಗುತ್ತದೆ. ನಾವು ಐಸಿಸಿ ಸಭೆ ಅನ್ನುತ್ತೇವಲ್ಲ, ಅದೇ. ಮಂತ್ರಿಗಳೇ ಅಧ್ಯಕ್ಷರು. ಅಲ್ಲಿ ಎಂಜಿನಿಯರ್‌ಗಳು ಡ್ಯಾಮಿನಲ್ಲಿ ಇಷ್ಟು ಟಿಎಂಸಿ ಇದೆ, ಕುಡಿಯುವ ನೀರಿಗೆ ಇಷ್ಟು, ಆಂಧ್ರ ತೆಲಂಗಾಣದ ಪಾಲು ಇಷ್ಟು, ಉಳಿದಿದ್ದು ಇಷ್ಟು ಅಂತ ಓದುತ್ತಾರೆ. ಹೊಸ ಮಂತ್ರಿ ತಲೆಯಾಡಿಸುತ್ತಾರೆ. ಹಳಬರಾದರೆ ಕೇಳುತ್ತಾರೆ: ‘ಹೋದ ವರ್ಷವೂ ಇದೇ ಲೆಕ್ಕ ಹೇಳಿದಿರಿ. 104ನೇ ಮೈಲ್‌ನಲ್ಲಿ ನಾಲೆಯ ನೀರಿನ ಮಟ್ಟ (ಗೇಜ್) ಯಾಕೆ ನಿಲ್ಲಲಿಲ್ಲ?’ ಈ ಪ್ರಶ್ನೆ ಕೇಳಲು ಒಂದು ವರ್ಷವಾದರೂ ಆ ಕುರ್ಚಿಯಲ್ಲಿ ಕೂತಿರಬೇಕು.

ಮೇಲಿನ ಭಾಗದಲ್ಲಿ ಅನಧಿಕೃತವಾಗಿ ನೀರು ಎತ್ತುತ್ತಾರೆ. ಮಾನ್ವಿ, ಸಿರವಾರ, ರಾಯಚೂರು ಕಡೆಯ ಟೇಲ್‌ಎಂಡ್, ಅಂದರೆ ನಾಲೆಯ ಕೊನೆ ಭಾಗದ ರೈತರಿಗೆ ಹಾಳೆ ಮೇಲೆ ಮಾತ್ರ ನೀರು. ಹೊಸ ಮಂತ್ರಿ ಬಂದಾಗೆಲ್ಲ ಈ ಕಥೆಯನ್ನು ಮೊದಲಿನಿಂದ ಹೇಳಬೇಕು. ಮನವಿ ಪತ್ರ ಕೊಡಬೇಕು, ಫೋಟೋ ತೆಗೆಸಿಕೊಳ್ಳಬೇಕು. ‘ಪರಿಶೀಲಿಸುತ್ತೇನೆ’ ಅನ್ನುತ್ತಾರೆ. ಪರಿಶೀಲನೆ ಮುಗಿಯುವಷ್ಟರಲ್ಲಿ ಇನ್ನೊಬ್ಬರು.

ನವಲಿ ಸಮತೋಲನ ಜಲಾಶಯದ ಕಥೆಯೂ ಇದೇ. ತುಂಗಭದ್ರಾ ಡ್ಯಾಂ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105. ಕಳೆದುಕೊಂಡ ನೀರನ್ನು ನವಲಿಯಲ್ಲಿ ಹಿಡಿಯೋಣ ಅಂತ ಒಂದಕ್ಕಿಂತ ಹೆಚ್ಚು ಸರ್ಕಾರಗಳು ಹೇಳಿವೆ. ಇದಕ್ಕೆ ಆಂಧ್ರ, ತೆಲಂಗಾಣ ಎರಡೂ ಒಪ್ಪಬೇಕು. ಆ ಮಾತುಕತೆ ಒಂದು ಸಭೆಯಲ್ಲಿ ಮುಗಿಯುವಂಥದ್ದಲ್ಲ. ಒಬ್ಬರೇ ಮಂತ್ರಿ ಹಿಡಿದ ಪಟ್ಟು ಬಿಡದೆ ನಾಲ್ಕೈದು ವರ್ಷ ಓಡಾಡಬೇಕು.

ಬಳ್ಳಾರಿ ಕೋಟೆ ಬೀದಿ:

ನನಗೆ ಇದರಲ್ಲಿ ಪೂರ್ತಿ ಒಪ್ಪಿಗೆ ಇಲ್ಲ. ಮಂತ್ರಿ ಒಂದೇ ಖಾತೆಯಲ್ಲಿ ಜಾಸ್ತಿ ದಿನ ಇದ್ದರೆ ಒಳ್ಳೆಯದು ಅಂತ ಯಾಕೆ ಅಂದುಕೊಳ್ಳಬೇಕು? ಬೇರು ಬಿಡುತ್ತಾರೆ. ಗುತ್ತಿಗೆದಾರರು ಯಾರು, ವರ್ಗಾವಣೆ ಯಾರಿಗೆ, ಎಲ್ಲ ಅವರ ಕೈಗೆ ಹೋಗುತ್ತದೆ. ಗಣಿಯ ಕಾಲವನ್ನು ಕಣ್ಣಾರೆ ಕಂಡ ಊರು ನಮ್ಮದು. ಗಟ್ಟಿಯಾಗಿ ಕೂತ ಅಧಿಕಾರ ಹೇಗಿರುತ್ತದೆ ಅಂತ ನಮಗೆ ಗೊತ್ತು. ತಪ್ಪು ಮಾಡಿದವರನ್ನು ಕೂಡಲೇ ತೆಗೆಯುವ ದಾರಿ ಇರಲೇಬೇಕು. 2024ರ ಜೂನ್‌ನಲ್ಲಿ ವಾಲ್ಮೀಕಿ ನಿಗಮದ ಹಣದ ಪ್ರಕರಣ ಬಂದಾಗ ನಮ್ಮ ಜಿಲ್ಲೆಯ ಸಚಿವರೇ ರಾಜೀನಾಮೆ ಕೊಡಬೇಕಾಯಿತು. ‘ಅನುಭವ ಹಾಳಾಗುತ್ತದೆ, ಇರಲಿ ಬಿಡಿ’ ಅಂತ ಹೇಳೋಕಾಗುತ್ತಾ?

ಕೊಪ್ಪಳ ನಿವೃತ್ತ ನೌಕರ:

ಖಂಡಿತ ಹೇಳೋಕಾಗಲ್ಲ. ಆರೋಪ ಬಂದರೆ ಹೋಗಲೇಬೇಕು. ಆದರೆ ನಮ್ಮ ರಾಜ್ಯದಲ್ಲಿ ಮಂತ್ರಿಗಳು ಬದಲಾಗುವುದಕ್ಕೆ ಅದು ಕಾರಣವಾಗಿರುವುದು ಕಡಿಮೆ, ಅಲ್ವಾ? ಬಹುಪಾಲು ಬದಲಾವಣೆ ಬಣ ಸಮಾಧಾನಕ್ಕೆ.

ನಿಮ್ಮ ಊರಿನ 2009 ನೆನಪಿಸಿಕೊಳ್ಳಿ. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿನಲ್ಲಿ ನೆರೆ ಬಂದು ರಾಯಚೂರು, ಕೊಪ್ಪಳ, ಬಳ್ಳಾರಿ, ಬಾಗಲಕೋಟೆ ಎಲ್ಲ ತತ್ತರಿಸಿದವು. ಹಳ್ಳಿಗಳಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದಿದ್ದವು. ಮನೆ ಕಟ್ಟಿಕೊಡುವ ಕೆಲಸ ಶುರುವಾಗಬೇಕಿದ್ದ ಹೊತ್ತಿನಲ್ಲೇ ಬಳ್ಳಾರಿ ಸಚಿವರ ಬಂಡಾಯ. ಶಾಸಕರು ರೆಸಾರ್ಟ್‌ನಲ್ಲಿ. ನವೆಂಬರ್‌ನಲ್ಲಿ ರಾಜಿಯಾದಾಗ ಗ್ರಾಮೀಣಾಭಿವೃದ್ಧಿ ಸಚಿವೆ ಶೋಭಾ ಕರಂದ್ಲಾಜೆ ರಾಜೀನಾಮೆ ಕೊಟ್ಟರು, ಸ್ಪೀಕರ್ ಆಗಿದ್ದ ಶೆಟ್ಟರ್ ಆ ಖಾತೆಗೆ ಬಂದರು. ಯಾರು ಸರಿ ಯಾರು ತಪ್ಪು ಅನ್ನುವುದು ಬೇರೆ ಚರ್ಚೆ. ಹಳ್ಳಿಗಳಿಗೆ ಅತಿ ಹೆಚ್ಚು ಬೇಕಾದ ಖಾತೆ ಬೇಕಾದ ಹೊತ್ತಿನಲ್ಲೇ ಕೈ ಬದಲಾಯಿಸಿತು. ನನ್ನ ಸಂಕಟ ಅದು.

2019 ಇನ್ನೂ ಕಷ್ಟದ ಕಥೆ. ಜುಲೈ 26ಕ್ಕೆ ಯಡಿಯೂರಪ್ಪನವರು ಪ್ರಮಾಣವಚನ ತೆಗೆದುಕೊಂಡರು. ಸಂಪುಟಕ್ಕೆ ಮೊದಲ ತಂಡದ ಮಂತ್ರಿಗಳು ಸೇರಿದ್ದು ಆಗಸ್ಟ್ 20ಕ್ಕೆ. ನಡುವೆ ಕೃಷ್ಣೆ ಉಕ್ಕಿ ಹರಿಯಿತು. ಲಿಂಗಸುಗೂರು, ದೇವದುರ್ಗ ಕಡೆ ನಡುಗಡ್ಡೆಯ ಜನ ಸಿಕ್ಕಿಹಾಕಿಕೊಂಡರು. ಆಗ ರಾಜ್ಯದಲ್ಲಿ ಕಂದಾಯ ಮಂತ್ರಿ ಇಲ್ಲ, ಜಲಸಂಪನ್ಮೂಲ ಮಂತ್ರಿ ಇಲ್ಲ, ಉಸ್ತುವಾರಿ ಸಚಿವರೂ ಇಲ್ಲ. ಮುಖ್ಯಮಂತ್ರಿ ಒಬ್ಬರೇ ಊರೂರು ಸುತ್ತಿದರು. ಅವರ ಶ್ರಮ ದೊಡ್ಡದು. ಆದರೆ ಒಬ್ಬರೇ ಎಷ್ಟು ಕಡೆ ನೋಡಲು ಸಾಧ್ಯ?

ರಾಯಚೂರು ಉಪನ್ಯಾಸಕಿ:

ಕೊಪ್ಪಳದ ಅಣ್ಣಾವ್ರು ಎತ್ತಿದ ಪ್ರಶ್ನೆ ನಾನು ಪಾಠ ಮಾಡುವ ವಿಷಯಕ್ಕೆ ತುಂಬಾ ಹತ್ತಿರದ್ದು. ಸ್ವಲ್ಪ ಉದ್ದ ಬರೆಯುತ್ತೇನೆ.

ಪುಸ್ತಕಗಳಲ್ಲಿ ಅಸ್ಥಿರತೆಗೆ ದೊಡ್ಡ ಉದಾಹರಣೆ ಅಂತ ಕೊಡುವುದು ಫ್ರಾನ್ಸಿನ ನಾಲ್ಕನೇ ಗಣರಾಜ್ಯ. 1946ರಿಂದ 1958ರವರೆಗೆ ಹನ್ನೆರಡು ವರ್ಷ, ಇಪ್ಪತ್ತಕ್ಕೂ ಹೆಚ್ಚು ಸರ್ಕಾರಗಳು. ಓದಿದ ಕೂಡಲೇ ಅಲ್ಲಿ ಯಾವ ಕೆಲಸವೂ ನಡೆದಿರಲಿಕ್ಕಿಲ್ಲ ಅನಿಸುತ್ತದೆ. ಆದರೆ ಮಂತ್ರಿಗಳ ಹೆಸರನ್ನು ಸಾಲಾಗಿ ಬರೆದು ನೋಡಿ. ಅವೇ ಹೆಸರು ಮತ್ತೆ ಮತ್ತೆ ಬರುತ್ತವೆ. ವಿದೇಶಾಂಗ ಖಾತೆ 1944ರಿಂದ 1954ರವರೆಗೆ ಹೆಚ್ಚೂಕಮ್ಮಿ ಇಬ್ಬರ ಕೈಯಲ್ಲೇ ಇತ್ತು, ಜಾರ್ಜ್ ಬಿದೊ ಮತ್ತು ರಾಬರ್ಟ್ ಶುಮಾನ್. ಶುಮಾನ್ 1948ರಲ್ಲಿ ಆ ಖಾತೆಗೆ ಬಂದವರು 1953ರ ಶುರುವಿನವರೆಗೂ ಇದ್ದರು. ಅವರ ಸುತ್ತ ಪ್ರಧಾನಿಗಳು ಒಬ್ಬರಾದ ಮೇಲೆ ಒಬ್ಬರು ಬಿದ್ದರು. ಅವರು ಕೂತಲ್ಲೇ ಕೂತಿದ್ದರು. ಜರ್ಮನಿ ಮತ್ತು ಫ್ರಾನ್ಸಿನ ಕಲ್ಲಿದ್ದಲು, ಉಕ್ಕನ್ನು ಒಂದೇ ಆಡಳಿತದ ಕೆಳಗೆ ತರೋಣ ಅಂತ ಅವರು ಹೇಳಿದ್ದು 1950ರ ಮೇ 9ರಂದು. ಮುಂದಿನ ವರ್ಷವೇ ಒಪ್ಪಂದವಾಯಿತು. ಇವತ್ತಿನ ಐರೋಪ್ಯ ಒಕ್ಕೂಟದ ಬೇರು ಅದೇ. ದಿನಕ್ಕೊಂದು ಸರ್ಕಾರ ಅಂತ ಬೈಸಿಕೊಂಡ ದೇಶದ ಒಬ್ಬ ಮಂತ್ರಿ ಮಾಡಿದ ಕೆಲಸ ಇದು.

ಜರ್ಮನಿಯದು ಇನ್ನೊಂದು ದಾರಿ. ಅಲ್ಲಿ ಗೆನ್ಶರ್ ಅನ್ನುವವರು 1974ರಿಂದ 1992ರವರೆಗೆ ವಿದೇಶಾಂಗ ಮಂತ್ರಿ. ನಡುವೆ 1982ರಲ್ಲಿ ಅವರ ಸಣ್ಣ ಪಕ್ಷ ಮೈತ್ರಿಯನ್ನೇ ಬದಲಾಯಿಸಿತು. ಚಾನ್ಸಲರ್ (ಅಲ್ಲಿನ ಸರ್ಕಾರದ ಮುಖ್ಯಸ್ಥ) ಷ್ಮಿಟ್ ಹೋಗಿ ಕೋಲ್ ಬಂದರು. ಒಂದೆರಡು ವಾರದ ಅಂತರ ಬಿಟ್ಟರೆ ಆ ಖಾತೆ ಗೆನ್ಶರ್ ಅವರದ್ದೇ. 1990ರಲ್ಲಿ ಎರಡು ಜರ್ಮನಿ ಒಂದಾಗುವಾಗ ಮಾತುಕತೆಗೆ ಕೂತವರು ಹದಿನಾರು ವರ್ಷ ಆ ಕೆಲಸದಲ್ಲಿ ಪಳಗಿದವರಾಗಿದ್ದರು.

ಈಗ ಇದಕ್ಕೆ ಪೂರ್ತಿ ವಿರುದ್ಧವಾದದ್ದು. ಬ್ರಿಟನ್ನಿನಲ್ಲಿ 2010ರಿಂದ 2024ರವರೆಗೆ ಒಂದೇ ಪಕ್ಷದ ಪ್ರಧಾನಿಗಳು, ಮೊದಲ ಐದು ವರ್ಷ ಮಾತ್ರ ಮೈತ್ರಿ ಸರ್ಕಾರ. ಆ ಹದಿನಾಲ್ಕು ವರ್ಷದಲ್ಲಿ ವಸತಿ ಮಂತ್ರಿಯ ನೇಮಕ 16 ಸಲ ಆಯಿತು! 2022 ಒಂದೇ ವರ್ಷದಲ್ಲಿ ಶಿಕ್ಷಣ ಖಾತೆಗೆ ಐದು ಜನ ಬಂದುಹೋದರು. ಅವರಲ್ಲಿ ಒಬ್ಬರು ಎರಡು ದಿನವೂ ಪೂರ್ತಿ ಇರಲಿಲ್ಲ. ಹೊರಗಿನಿಂದ ನೋಡಿದರೆ ಅದೇ ಪಕ್ಷ, ಅದೇ ಬಾವುಟ. ಒಳಗೆ ಖಾತೆಯನ್ನು ಬಲ್ಲವರೇ ಇಲ್ಲ.

ನಮ್ಮ ದೇಶದಲ್ಲೂ ಇದೆ. 2021ರ ಮೇನಲ್ಲಿ ಕೇರಳದಲ್ಲಿ ಎಡರಂಗ ಮತ್ತೆ ಗೆದ್ದಿತು. ಆದರೂ ಸಿಪಿಎಂ ತನ್ನ ಹಳೆಯ ಮಂತ್ರಿಗಳಲ್ಲಿ ಮುಖ್ಯಮಂತ್ರಿಯನ್ನು ಬಿಟ್ಟು ಯಾರನ್ನೂ ಉಳಿಸಿಕೊಳ್ಳಲಿಲ್ಲ. ಕೋವಿಡ್ ಎರಡನೇ ಅಲೆ ನಡುಮಧ್ಯೆ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ ಹೊರಗೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗುಜರಾತಿನಲ್ಲಿ ಬಿಜೆಪಿ ಮುಖ್ಯಮಂತ್ರಿಯ ಜೊತೆಗೆ ಇಡೀ ಸಂಪುಟವನ್ನೇ ಬದಲಾಯಿಸಿತು. ಎರಡೂ ಕಡೆ ಬಹುಮತಕ್ಕೆ ಏನೂ ತೊಂದರೆ ಇರಲಿಲ್ಲ. ಬಲ-ಎಡ ಅಂತ ಭೇದವಿಲ್ಲದೆ ಎಲ್ಲ ಪಕ್ಷಗಳೂ ಇದನ್ನು ಮಾಡುತ್ತವೆ.

ನಾನು ಮಕ್ಕಳಿಗೆ ಎರಡು ಥರದ ಅನುಭವವನ್ನು ಬಿಡಿಸಿ ಹೇಳುತ್ತೇನೆ. ಒಂದು, ಸಂಪುಟದಲ್ಲಿ ಕೂತು ಬಂದ ರಾಜಕೀಯ ಅನುಭವ: ಯಾರನ್ನು ಒಪ್ಪಿಸಬೇಕು, ಹಣಕಾಸು ಇಲಾಖೆಯಿಂದ ದುಡ್ಡು ಹೇಗೆ ತರಬೇಕು, ಸದನದಲ್ಲಿ ಹೇಗೆ ನಿಭಾಯಿಸಬೇಕು. ಇನ್ನೊಂದು, ಆ ಖಾತೆಯದ್ದೇ ಆದ ಅನುಭವ. ಮೊದಲನೆಯದು ಖಾತೆ ಬದಲಾದರೂ ಜೊತೆಗೆ ಬರುತ್ತದೆ. ಎರಡನೆಯದು ಬರುವುದಿಲ್ಲ.

ಗಂಗಾವತಿ ವಿದ್ಯಾರ್ಥಿ:

ಮೇಡಂ, ಒಂದು ಪ್ರಶ್ನೆ. ಫ್ರಾನ್ಸಿನಲ್ಲಿ ಅಷ್ಟು ಅನುಭವಿಗಳು ಇದ್ದರು ಅಂದರೆ 1958ರಲ್ಲಿ ಆ ವ್ಯವಸ್ಥೆ ಯಾಕೆ ಕುಸಿಯಿತು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ನಮ್ಮ ಪುಸ್ತಕದಲ್ಲಿ ‘ಅಸ್ಥಿರತೆಯಿಂದ ಕುಸಿಯಿತು’ ಅಂತ ಒಂದೇ ಸಾಲು ಇದೆ.

ರಾಯಚೂರು ಉಪನ್ಯಾಸಕಿ:

ಒಳ್ಳೆ ಪ್ರಶ್ನೆ ಕಣಪ್ಪ. ಅಲ್ಜೀರಿಯಾ ಕಾರಣ. ಅಲ್ಲಿ ಸ್ವಾತಂತ್ರ್ಯ ಯುದ್ಧ 1954ರಿಂದ ನಡೆಯುತ್ತಿತ್ತು. ಬಿಟ್ಟುಕೊಡಬೇಕಾ ಬೇಡವಾ ಎಂಬ ಪ್ರಶ್ನೆಗೆ ಯಾವ ಸರ್ಕಾರಕ್ಕೂ ಉತ್ತರ ಕೊಡುವ ಬಲ ಇರಲಿಲ್ಲ. ಏನು ಹೇಳಿದರೂ ಒಂದು ಪಕ್ಷ ಬೆಂಬಲ ಹಿಂತೆಗೆಯುತ್ತಿತ್ತು. 1958ರ ಮೇನಲ್ಲಿ ಅಲ್ಜಿಯರ್ಸ್‌ನಲ್ಲಿ ಸೈನ್ಯವೇ ತಿರುಗಿ ನಿಂತಾಗ ಎರಡನೇ ಮಹಾಯುದ್ಧದ ಕಾಲದ ನಾಯಕ ದ ಗಾಲ್ ಅವರನ್ನು ಕರೆಯಬೇಕಾಯಿತು. ಅವರು ಹೊಸ ಸಂವಿಧಾನ ತಂದರು. ಅದು ಎಷ್ಟು ಬಿಗಿಯಾಗಿತ್ತು ಅಂದರೆ, 1962ರ ನಂತರ ಅವಿಶ್ವಾಸ ನಿರ್ಣಯದಿಂದ ಒಂದು ಸರ್ಕಾರ ಬಿದ್ದದ್ದು 2024ರ ಡಿಸೆಂಬರ್‌ನಲ್ಲೇ.

ಅಂದರೆ ಅನುಭವಿ ಮಂತ್ರಿಗಳು ಇಲಾಖೆಯನ್ನು ನಡೆಸಬಲ್ಲರು, ದೀರ್ಘ ಯೋಜನೆಯನ್ನು ಮುಂದಕ್ಕೆ ಒಯ್ಯಬಲ್ಲರು. ದೇಶವನ್ನೇ ಎರಡಾಗಿಸುವ ತೀರ್ಮಾನಕ್ಕೆ ಮಾತ್ರ ಹಿಂದೆ ಗಟ್ಟಿ ಸರ್ಕಾರ ಬೇಕು. ಪರೀಕ್ಷೆಯಲ್ಲಿ ಇದನ್ನು ಬರಿ.

ಬಳ್ಳಾರಿ ವಕೀಲ:

ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಸಂವಿಧಾನದ 164ನೇ ವಿಧಿಯ ಪ್ರಕಾರ ಮುಖ್ಯಮಂತ್ರಿಯ ಸಲಹೆ ಮೇಲೆ ರಾಜ್ಯಪಾಲರು ಮಂತ್ರಿಗಳನ್ನು ನೇಮಿಸುತ್ತಾರೆ. ಮಂತ್ರಿಗೆ ಇಷ್ಟು ವರ್ಷ ಅಂತ ಅವಧಿ ಇಲ್ಲ. ಮುಖ್ಯಮಂತ್ರಿ ಬೇಡ ಅಂದ ದಿನ ಮುಗಿಯಿತು. 2003ರ 91ನೇ ತಿದ್ದುಪಡಿ ಬಂದ ಮೇಲೆ ಸಂಪುಟದ ಗಾತ್ರಕ್ಕೆ ಮಿತಿ ಬಿತ್ತು, ಸದನದ ಶೇಕಡ 15. ನಮ್ಮ 224 ಸ್ಥಾನಕ್ಕೆ ಮುಖ್ಯಮಂತ್ರಿ ಸೇರಿ 34. ಇದು ಬೇಕಾಗಿದ್ದ ತಿದ್ದುಪಡಿ. ಅದಕ್ಕೂ ಮುಂಚೆ ಉತ್ತರ ಪ್ರದೇಶದಲ್ಲಿ ಕಲ್ಯಾಣ್ ಸಿಂಗ್ ಅವರ ಸಂಪುಟದಲ್ಲಿ 90ಕ್ಕೂ ಹೆಚ್ಚು ಮಂತ್ರಿಗಳಿದ್ದರು.

ಆದರೆ ಇದರ ಒಂದು ಅಡ್ಡ ಪರಿಣಾಮ ಯಾರೂ ಮಾತಾಡುವುದಿಲ್ಲ. ಗೆದ್ದ ಪಕ್ಷದಲ್ಲಿ ನೂರಕ್ಕೂ ಹೆಚ್ಚು ಶಾಸಕರು, ಕುರ್ಚಿ 34. ಹಾಗಾಗಿ ‘ಅರ್ಧ ಅವಧಿ ಅವರಿಗೆ, ಉಳಿದ ಅರ್ಧ ನಮಗೆ’ ಅನ್ನುವ ಮಾತು ಹುಟ್ಟಿತು. ಎರಡೂವರೆ ವರ್ಷ ಆದ ಕೂಡಲೇ ದೆಹಲಿಗೆ ಓಡಾಟ ಶುರು. ಮೊದಲ ಆರು ತಿಂಗಳು ಕಲಿಯುವುದಕ್ಕೆ, ಕೊನೆಯ ಆರು ತಿಂಗಳು ಕುರ್ಚಿ ಉಳಿಸಿಕೊಳ್ಳುವುದಕ್ಕೆ. ಕೆಲಸಕ್ಕೆ ಎಷ್ಟು ಉಳಿಯಿತು ಲೆಕ್ಕ ಹಾಕಿ.

ಮೇಡಂ ಹೇಳಿದ ಜರ್ಮನಿಯಲ್ಲಿ ಇನ್ನೊಂದು ವಿಶೇಷ ಇದೆ. ಅಲ್ಲಿ ಚಾನ್ಸಲರ್‌ರನ್ನು ಇಳಿಸಬೇಕಾದರೆ ಅದೇ ಮತದಲ್ಲಿ ಮುಂದಿನವರನ್ನು ಆರಿಸಬೇಕು. ಅವರ ಸಂವಿಧಾನವಾದ ‘ಮೂಲ ಕಾನೂನಿನ’ 67ನೇ ವಿಧಿ. ಕೆಡವುವವರೇ ಕಟ್ಟುವ ಹೊಣೆಯನ್ನೂ ಹೊರಬೇಕು. 1972ರಲ್ಲಿ ಬ್ರಾಂಟ್ ವಿರುದ್ಧ ಪ್ರಯತ್ನಿಸಿ ಸೋತರು, 1982ರಲ್ಲಿ ಷ್ಮಿಟ್ ವಿರುದ್ಧ ಗೆದ್ದರು. ಸ್ಪೇನ್‌ನಲ್ಲೂ ಈ ಪದ್ಧತಿ ಇದೆ, 2018ರಲ್ಲಿ ಅಲ್ಲಿನ ಪ್ರಧಾನಿ ಹೀಗೇ ಬದಲಾದರು. ನಮ್ಮಲ್ಲೂ ತರಬೇಕು ಅನ್ನುವವರಿದ್ದಾರೆ. ನನಗೆ ಅನುಮಾನ. ನಮ್ಮಲ್ಲಿ ಸರ್ಕಾರ ಬೀಳುವುದು ಅವಿಶ್ವಾಸ ನಿರ್ಣಯದಿಂದಲ್ಲ, ಶಾಸಕರ ರಾಜೀನಾಮೆಯಿಂದ. 2019ರಲ್ಲಿ ಕುಮಾರಸ್ವಾಮಿ ಸರ್ಕಾರ ಹೋಗಿದ್ದು ಹೇಗೆ? ಪಕ್ಷಾಂತರ ನಿಷೇಧ ಕಾಯ್ದೆ 1985ರಿಂದ ಇದೆ. ಅದನ್ನು ತಪ್ಪಿಸಿಕೊಳ್ಳಲು ರಾಜೀನಾಮೆ ಕೊಟ್ಟು ಉಪಚುನಾವಣೆಯಲ್ಲಿ ಗೆದ್ದು ಬರುವ ದಾರಿ ಹುಡುಕಿಕೊಂಡರು. ಆ ಬಾಗಿಲು ತೆರೆದಿರುವಾಗ ಜರ್ಮನಿಯ ಬೀಗ ತಂದು ಏನು ಮಾಡುವುದು?

ಸಿಂಧನೂರು ರೈತ:

ವಕೀಲ್ರೇ, ಮಂತ್ರಿ ಬದಲಾದರೂ ಅಧಿಕಾರಿಗಳು ಇರುತ್ತಾರಲ್ಲ, ಅವರಿಗೆ ಗೊತ್ತಿರುತ್ತದಲ್ಲ ಅಂತ ಕೆಲವರು ಹೇಳುತ್ತಾರೆ. ಅದಕ್ಕೆ ಏನಂತೀರಿ?

ಬಳ್ಳಾರಿ ವಕೀಲ:

ಜಪಾನಿನಲ್ಲಿ ಆ ಮಾತು ಒಪ್ಪಬಹುದು. ಅಲ್ಲಿ ಮಂತ್ರಿಗಳು ಹೆಚ್ಚೂಕಮ್ಮಿ ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಇಲಾಖೆಯ ಅಧಿಕಾರಿಗಳು ಅದೇ ಇಲಾಖೆಯಲ್ಲೇ ಬೆಳೆದು ಮೇಲೆ ಬರುತ್ತಾರೆ. ನಮ್ಮಲ್ಲಿ ಮಂತ್ರಿಯ ಜೊತೆ ಅಧಿಕಾರಿಯೂ ಹೋಗುತ್ತಾರೆ. 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಧಿಕಾರಿಗಳಿಗೆ ಕನಿಷ್ಠ ಅವಧಿ ಕೊಡಿ ಅಂತ ಹೇಳಿತು. ಜಿಲ್ಲಾಧಿಕಾರಿಗಳ ಕೊಠಡಿಯಲ್ಲಿ ತೂಗುಹಾಕಿರುವ ಹೆಸರಿನ ಹಲಗೆಯನ್ನು ಒಮ್ಮೆ ಓದಿ ನೋಡಿ. ಬಂದ ತಾರೀಕು, ಹೋದ ತಾರೀಕು ಎರಡೂ ಇರುತ್ತವೆ.

ಸಿಂಧನೂರು ರೈತ:

ನಿಜ. ಅನುಭವದ ಬೆಲೆ ಏನು ಅಂತ ನಾವು 2024ರ ಆಗಸ್ಟ್‌ನಲ್ಲಿ ನೋಡಿದೆವು. 10ರ ರಾತ್ರಿ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಡ್ಯಾಂ ತುಂಬಿತ್ತು. ನಾಟಿ ಮಾಡಿದ ಭತ್ತ ಗದ್ದೆಯಲ್ಲಿ. ನೀರೆಲ್ಲ ಹೊಳೆಗೆ ಹೋದರೆ ಒಂದು ಬೆಳೆಯೂ ಕೈಗೆ ಬರುವುದಿಲ್ಲ ಅಂತ ಮನೆಮನೆಯಲ್ಲಿ ಆತಂಕ. ಆಗ ಬಂದವರು ಕನ್ನಯ್ಯ ನಾಯ್ಡು. ನಿವೃತ್ತರಾದವರು, ಗೇಟಿನ ಕೆಲಸದಲ್ಲೇ ಜೀವನ ತೆಗೆದವರು. ಹರಿಯುವ ನೀರಿನಲ್ಲೇ ತುಂಡು ತುಂಡಾಗಿ ಸ್ಟಾಪ್‌ಲಾಗ್ (ನೀರು ತಡೆಯುವ ತಾತ್ಕಾಲಿಕ ಫಲಕ) ಇಳಿಸಿ ವಾರದೊಳಗೆ ನಿಲ್ಲಿಸಿದರು. ಮುನಿರಾಬಾದಿನಲ್ಲಿ ಜನ ಕಣ್ಣೀರು ಹಾಕಿದ್ದನ್ನು ನಾನು ನೋಡಿದ್ದೇನೆ.

ಆಮೇಲೆ ತಜ್ಞರು 33 ಗೇಟುಗಳನ್ನೂ ಬದಲಾಯಿಸಬೇಕು ಅಂದರು. 2025ರಲ್ಲಿ ಸುರಕ್ಷತೆಗಾಗಿ 80 ಟಿಎಂಸಿಗೇ ನೀರು ನಿಲ್ಲಿಸಿದರು. ಡ್ಯಾಂ ಮುಗಿದದ್ದು 1953ರಲ್ಲಿ. ಆ ಗೇಟುಗಳ ವಯಸ್ಸು ಯಾರಿಗೂ ಗುಟ್ಟಾಗಿರಲಿಲ್ಲ. ಎಷ್ಟು ಮಂತ್ರಿಗಳು ಬಾಗಿನ ಬಿಟ್ಟು ಹೋದರು! ಒಬ್ಬರಾದರೂ ಆ ಖಾತೆಯಲ್ಲಿ ಗಟ್ಟಿಯಾಗಿ ಕೂತು ಚೈನ್, ಗೇಟು ಅಂತ ವಿಚಾರಿಸಿದ್ದರೆ ಅನ್ನುವ ಹೊಟ್ಟೆಯುರಿ ನನಗೆ ಈಗಲೂ ಇದೆ. ಡ್ಯಾಂ ನೋಡಿಕೊಳ್ಳುವ ತುಂಗಭದ್ರಾ ಬೋರ್ಡು ಕೇಂದ್ರದ್ದು, ನಮ್ಮ ಕೈಯಲ್ಲಿ ಇಲ್ಲ ಅನ್ನಬಹುದು. ಕೇಳುವುದಕ್ಕೆ ಯಾರ ಅಪ್ಪಣೆ ಬೇಕು?

ತಾಲೂಕು ಆಸ್ಪತ್ರೆ ಸಿಸ್ಟರ್, ರಾಯಚೂರು ಜಿಲ್ಲೆ:

ನಾನು ಸಾಮಾನ್ಯವಾಗಿ ಓದುತ್ತೇನೆ ಅಷ್ಟೇ, ಬರೆಯುವುದಿಲ್ಲ. ಇವತ್ತು ಬರೆಯಬೇಕು ಅನಿಸಿತು.

ಕೋವಿಡ್ ಸಮಯದಲ್ಲಿ ನಮ್ಮ ತಾಲೂಕು ಆಸ್ಪತ್ರೆ ಆರೋಗ್ಯ ಇಲಾಖೆಗೆ ಸೇರಿದ್ದು, ರೋಗಿಯನ್ನು ಕಳಿಸಬೇಕಾದ ದೊಡ್ಡ ಆಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದ್ದು. ಇಬ್ಬರು ಮಂತ್ರಿಗಳು. 2020ರ ಅಕ್ಟೋಬರ್‌ನಲ್ಲಿ ಶ್ರೀರಾಮುಲು ಅವರಿಂದ ಆರೋಗ್ಯ ಖಾತೆ ತೆಗೆದು ವೈದ್ಯಕೀಯ ಶಿಕ್ಷಣ ನೋಡಿಕೊಳ್ಳುತ್ತಿದ್ದ ಸುಧಾಕರ್ ಅವರಿಗೆ ಕೊಟ್ಟರು. ಶ್ರೀರಾಮುಲು ಅವರಿಗೆ ಸಮಾಜ ಕಲ್ಯಾಣ. ಅವರು ಹಿಂದೆಯೂ ಒಮ್ಮೆ ಆರೋಗ್ಯ ಮಂತ್ರಿಯಾಗಿದ್ದವರು. ಆದರೂ ನನಗೆ ಆಗ ಸಮಾಧಾನವೇ ಆಯಿತು. ಎರಡೂ ಖಾತೆ ಒಬ್ಬರ ಹತ್ತಿರ ಇದ್ದರೆ ಹಾಸಿಗೆಗಾಗಿ ಎರಡು ಕಡೆ ಫೋನ್ ಮಾಡುವುದು ತಪ್ಪುತ್ತದೆ ಅಂತ. ಮೂರು ತಿಂಗಳಾಯಿತು, 2021ರ ಜನವರಿಯಲ್ಲಿ ವೈದ್ಯಕೀಯ ಶಿಕ್ಷಣವನ್ನು ಸುಧಾಕರ್ ಅವರಿಂದ ತೆಗೆದು ಮಾಧುಸ್ವಾಮಿ ಅವರಿಗೆ ಕೊಟ್ಟರು. ವಾರ ಕಳೆಯುವುದರೊಳಗೆ ಮತ್ತೆ ಸುಧಾಕರ್ ಅವರಿಗೇ ವಾಪಸ್ಸು. ಇನ್ನು ಸ್ವಲ್ಪ ದಿನಕ್ಕೆ ಎರಡನೇ ಅಲೆ ಬಂತು.

ಯಾವ ಮಂತ್ರಿ ಒಳ್ಳೆಯವರು, ಯಾವ ಮಂತ್ರಿ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಖಾತೆ ಅದಲುಬದಲು ಮಾಡುವಾಗ ವಾರ್ಡಿನಲ್ಲಿ ನಿಂತವರು ಯಾರ ನೆನಪಿಗೂ ಬರುವುದಿಲ್ಲವಲ್ಲ, ಅದು ನೋವು. ಆಮ್ಲಜನಕದ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ ಅಂತ ನಾವು ರಾತ್ರಿಯೆಲ್ಲ ಗೇಜ್ ನೋಡುತ್ತಾ ಕೂತಿದ್ದೆವು. ಇಲಾಖೆ ಬಲ್ಲ ಮಂತ್ರಿ ಇದ್ದರೆ ಸಿಲಿಂಡರ್ ಬರುವ ದಾರಿಯಲ್ಲಿ ಎಲ್ಲಿ ತಡವಾಗುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ.

ಏಮ್ಸ್ ಬೇಕು ಅಂತ ರಾಯಚೂರಿನಲ್ಲಿ 2022ರ ಮೇ 13ರಿಂದ ಧರಣಿ ಕೂತರು. ಅಲ್ಲಿ ಕೂತವರ ಮುಖ ಮಾತ್ರ ಬದಲಾಗಲಿಲ್ಲ. ಬಂದು ಭರವಸೆ ಕೊಟ್ಟವರ ಮುಖಗಳು ಬದಲಾಗುತ್ತಲೇ ಹೋದವು.

ರಾಯಚೂರು ಉಪನ್ಯಾಸಕಿ:

ಸಿಸ್ಟರ್, ನೀವು ಬರೆದದ್ದು ಒಳ್ಳೆಯದಾಯಿತು. ದಯವಿಟ್ಟು ಇನ್ನೂ ಬರೆಯಿರಿ. ಐಐಟಿ ವಿಷಯದಲ್ಲೂ ನಮಗೆ ಹೀಗೇ ಆಯಿತು. 2002ರಲ್ಲಿ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ ಐಐಟಿ ರಾಯಚೂರಿಗೆ ಕೊಡಿ ಅಂತ ಬರೆದಿತ್ತು. ವರದಿ ಬಂದಾಗಿನಿಂದ ಐಐಟಿ ನಿಜವಾಗಿ ಮಂಜೂರಾಗುವವರೆಗೆ ರಾಜ್ಯದಲ್ಲಿ ಎಷ್ಟು ಮುಖ್ಯಮಂತ್ರಿಗಳು ಬಂದರು ಎಣಿಸಿ. ಆ ಸಾಲನ್ನು ಒಬ್ಬರೂ ಕೈಯಲ್ಲಿ ಹಿಡಿದು ಬೆನ್ನು ಹತ್ತಲಿಲ್ಲ. ಅದು ಧಾರವಾಡಕ್ಕೆ ಹೋಯಿತು.

ಬಳ್ಳಾರಿ ಕೋಟೆ ಬೀದಿ:

ಸಿಸ್ಟರ್ ಮಾತು ಓದಿದ ಮೇಲೆ ನನ್ನ ನಿಲುವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಪ್ಪಿತಸ್ಥರನ್ನು ತೆಗೆಯುವ ಹಕ್ಕು ಇರಬೇಕು ಎಂಬುದನ್ನು ನಾನು ಬಿಡುವುದಿಲ್ಲ. ಆದರೆ ಬಣ ಸಮಾಧಾನಕ್ಕೆ ಆರೋಗ್ಯ, ನೀರಾವರಿ, ಶಾಲೆ ಖಾತೆಗಳನ್ನು ಮುಟ್ಟಬಾರದು. ಕುರ್ಚಿ ಬೇಕಾದವರಿಗೆ ಬೇರೆ ಖಾತೆಗಳಿವೆ, ನಿಗಮ ಮಂಡಳಿಗಳಿವೆ. ಇಷ್ಟಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಮುಖ್ಯಮಂತ್ರಿಯನ್ನು ಇದಕ್ಕೆ ಒಪ್ಪಿಸುವವರು ಯಾರು?

ಕೊಪ್ಪಳ ನಿವೃತ್ತ ನೌಕರ:

ಮುಖ್ಯಮಂತ್ರಿಯನ್ನು ಒಪ್ಪಿಸುವ ಶಕ್ತಿ ನಮಗಿಲ್ಲ. ಆದರೆ ಮಂತ್ರಿ ಬದಲಾದರೂ ವಿಷಯ ಬದಲಾಗದಂತೆ ನೋಡಿಕೊಳ್ಳುವ ಒಂದು ದಾರಿ ನಮ್ಮ ಕೈಯಲ್ಲಿದೆ. ನೌಕರಿಯಲ್ಲಿ ಇದ್ದಾಗ ಕಂಡದ್ದನ್ನು ಹೇಳುತ್ತೇನೆ.

ಕೆಡಿಪಿ ಸಭೆಗೆ, ಅಂದರೆ ಜಿಲ್ಲೆಯ ಪ್ರಗತಿ ಪರಿಶೀಲನಾ ಸಭೆಗೆ ಮುಂಚೆ ನಾವು ಒಂದು ದಪ್ಪ ಪುಸ್ತಕ ತಯಾರಿಸುತ್ತಿದ್ದೆವು. ಇಲಾಖೆವಾರು ಪ್ರಗತಿ ವರದಿ, ಹಿಂದಿನ ಸಭೆಯ ನಡಾವಳಿ, ಅದರ ಮೇಲಿನ ಅನುಪಾಲನಾ ವರದಿ. ಮೂರನೆಯದೇ ಜೀವಾಳ. ಹಿಂದಿನ ಸಭೆಯಲ್ಲಿ ಮಂತ್ರಿ ಹೇಳಿದ್ದನ್ನು ಇಲಾಖೆ ಮಾಡಿತಾ ಇಲ್ಲವಾ ಅಂತ ಅದರಲ್ಲಿ ಇರುತ್ತದೆ. ಉಸ್ತುವಾರಿ ಸಚಿವರು ಹೊಸಬರಾದರೆ ಮೊದಲ ಸಭೆ ಪರಿಚಯದಲ್ಲೇ ಅರ್ಧ ಕಳೆಯುತ್ತದೆ. ಹಾರ, ಶಾಲು, ಜಿಲ್ಲೆಯ ಪಕ್ಷಿನೋಟ. ಅನುಪಾಲನಾ ವರದಿಯ ಪುಟ ತೆರೆಯುವ ಹೊತ್ತಿಗೆ ಊಟದ ಸಮಯ. ‘ಹಿಂದಿನ ಸಭೆಯದ್ದು ಹಿಂದಿನವರ ಕಾಲದ್ದು, ಹೊಸದಾಗಿ ಶುರು ಮಾಡೋಣ’ ಅನ್ನುವ ಮಾತು ಬಂದರೆ ಸಾಕು, ಕುಂತ ಅಧಿಕಾರಿಗಳ ಮುಖದಲ್ಲಿ ನಿರಾಳ ಕಾಣುತ್ತಿತ್ತು. ಒಂದು ಕುಡಿಯುವ ನೀರಿನ ಯೋಜನೆ ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಒಂದೇ ಸಾಲಿನಲ್ಲಿ ಬೇರೆ ಬೇರೆ ಸಚಿವರ ಮುಂದೆ ದಾಟಿಹೋದದ್ದನ್ನು ನಾನೇ ಟೈಪ್ ಮಾಡಿಸಿದ್ದೇನೆ. ಪೈಪು ಬಂದು ರಸ್ತೆ ಬದಿ ಬಿದ್ದಿತ್ತು. ಪಂಪ್‌ಹೌಸ್‌ಗೆ ಕರೆಂಟು ಇರಲಿಲ್ಲ. ಅದನ್ನು ಮೊದಲ ಬಾರಿಗೆ ಹಿಡಿದವರು ಸತತವಾಗಿ ಸಭೆ ನಡೆಸಿ ಹಳೆಯ ಪುಸ್ತಕವನ್ನು ತಾವೇ ಜೊತೆಗೆ ತರುತ್ತಿದ್ದ ಒಬ್ಬ ಸಚಿವರು. ‘ಹೋದ ಸಲದ ಸಾಲು, ಈ ಸಲದ ಸಾಲು ಒಂದೇ ಇದೆ. ಎದ್ದು ನಿಂತು ಹೇಳಿ’ ಅಂದರು. ಮುಂದಿನ ಸಭೆಗೆ ಮುಂಚೆ ಕರೆಂಟು ಬಂತು.

ಆ ನಡಾವಳಿಗಳು ಸಾರ್ವಜನಿಕ ದಾಖಲೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಸಿಗುತ್ತವೆ. ಐಸಿಸಿ ಸಭೆಯವೂ ಸಿಗುತ್ತವೆ. ಹಿಂದಿನ ಸಭೆಗಳ ತೀರ್ಮಾನ, ಆದದ್ದು, ಆಗದ್ದು ಅಂತ ಎರಡೇ ಪುಟದಲ್ಲಿ ಬರೆದು ಹೊಸ ಮಂತ್ರಿ ಬಂದ ವಾರವೇ ಕೈಗೆ ಕೊಡಬೇಕು. ಮನವಿ ಪತ್ರದ ಬದಲು ಅದನ್ನು ಕೊಡಿ. ಪತ್ರಕರ್ತರಿಗೂ ಒಂದು ಪ್ರತಿ ಕೊಡಿ.

ಸಿಂಧನೂರು ರೈತ:

ಇದು ಆಗುವ ಮಾತು ಸರ್. ನಮ್ಮ ಸಂಘದವರ ಹತ್ತಿರ ಹಳೆಯ ಐಸಿಸಿ ನಡಾವಳಿ ಕೆಲವು ಇವೆ. ಜೆರಾಕ್ಸ್ ಮಾಡಿಸಿ ಕಳಿಸುತ್ತೇನೆ. ಮೈಲ್ 69, ಮೈಲ್ 104ರ ಗೇಜ್ ಬಗ್ಗೆ ಪ್ರತಿ ಸಭೆಯಲ್ಲೂ ಏನು ಹೇಳಿದ್ದಾರೆ ಅಂತ ಬೇರೆ ಮಾಡಿ ಬರೆಯೋಣ.

ಗಂಗಾವತಿ ವಿದ್ಯಾರ್ಥಿ:

ನಾನು ಇನ್ನೊಂದು ಕೆಲಸ ಮಾಡಬಲ್ಲೆ. 1999ರಿಂದ ಈಚೆಗೆ ನಮ್ಮ ಮೂರು ಜಿಲ್ಲೆಗಳ ಉಸ್ತುವಾರಿ ಸಚಿವರು ಯಾರು, ಜಲಸಂಪನ್ಮೂಲ, ಆರೋಗ್ಯ ಖಾತೆಗೆ ಯಾರು ಯಾವಾಗ ಬಂದರು, ಯಾವಾಗ ಹೋದರು ಅಂತ ಪಟ್ಟಿ. ಗ್ರಂಥಾಲಯದಲ್ಲಿ ಹಳೆಯ ಪೇಪರ್ ಫೈಲ್ ಇದೆ. ಆದರೆ ಬಳ್ಳಾರಿಯದ್ದು ನನಗೆ ಇಲ್ಲಿ ಸಿಗಲ್ಲ.

ಬಳ್ಳಾರಿ ವಕೀಲ:

ಬಳ್ಳಾರಿಯದ್ದು ನಾನು ನೋಡುತ್ತೇನೆ ತಮ್ಮಾ. ಹೆಸರಿನ ಮುಂದೆ ತಾರೀಕು ಹಾಕುವಾಗ ಗೆಜೆಟ್ ಅಧಿಸೂಚನೆಯದ್ದನ್ನೇ ಹಾಕು, ಪೇಪರ್‌ನಲ್ಲಿ ಒಂದೆರಡು ದಿನ ಹೆಚ್ಚುಕಡಿಮೆ ಇರುತ್ತದೆ. ಹೋದ ಕಾರಣಕ್ಕೂ ಒಂದು ಕಾಲಂ ಇಡು: ಸರ್ಕಾರ ಬಿತ್ತು, ಆರೋಪ ಬಂತು, ಪುನಾರಚನೆ. ಕೋಟೆ ಬೀದಿಯವರ ಪ್ರಶ್ನೆಗೂ ಉತ್ತರ ಅಲ್ಲೇ ಸಿಗುತ್ತದೆ.

ಬಳ್ಳಾರಿ ಕೋಟೆ ಬೀದಿ:

ಆ ಕಾಲಂ ತುಂಬಲು ನಾನೂ ಬರುತ್ತೇನೆ ವಕೀಲ್ರೇ. ಭಾನುವಾರ ಕೋರ್ಟ್ ರಜೆ ಇರುತ್ತಲ್ಲ, ಬೆಳಿಗ್ಗೆ ಫೋನ್ ಮಾಡುತ್ತೇನೆ.